ಎಷ್ಟು ವರ್ಷದಿಂದ ಬಲ್ಲಿರಿ

ಬರೆದುಕೊಂಡು ಬಾ, ಸಹಿ ಹಾಕುತ್ತೇನೆ ಎಂದು ಶಿವಯೋಗಿ ಹೇಳಿದ್ದು ನಿಜ. ಅವನು ಎಲ್ಲರಿಗೂ ಹಾಗೇ ಹೇಳುತ್ತಿದ್ದ. ಕೊಟ್ಟೂರಿನ ಈ ಕಾಲೇಜಿನಲ್ಲಷ್ಟೇ ಅಲ್ಲ, ಅವನಿಗೆ ಗೊತ್ತಿದ್ದ ಯಾವ ಕಾಲೇಜಿನಲ್ಲೂ ಮೇಷ್ಟ್ರುಗಳು ಶಿಫಾರಸು ಪತ್ರ ಬರೆಯುತ್ತಿರಲಿಲ್ಲ. ಬೇಕಾದವರು ತಮ್ಮನ್ನು ತಾವೇ ಹೊಗಳಿ ಬರೆದುಕೊಂಡು ಬರುತ್ತಿದ್ದರು, ಮೇಷ್ಟ್ರು ಕೆಳಗೊಂದು ಸಹಿ ಎಳೆದು ಸೀಲು ಗುದ್ದುತ್ತಿದ್ದರು. ಪ್ರಾಮಾಣಿಕ, ಶಿಸ್ತುಗಾರ, ಸದಾ ನಗುಮುಖದವನು ಎಂದೆಲ್ಲ ತಮ್ಮ ಬಗ್ಗೆ ತಾವೇ ಬರೆದುಕೊಳ್ಳುವಾಗ ಹುಡುಗರಿಗೆ ಆಗುವ ನಾಚಿಕೆ ಇದೆಯಲ್ಲ, ಈ ಕಾಲೇಜು ಅವರಿಗೆ ಕೊಡುವ ಶಿಕ್ಷಣ ಅದೊಂದೇ ಎಂದು ಶಿವಯೋಗಿ ಸ್ಟಾಫ್ ರೂಮಿನಲ್ಲಿ ಹೇಳಿ ನಗಿಸಿದ್ದೂ ಉಂಟು. ಆದರೆ ಈ ಹುಡುಗಿ ಬರೆದುಕೊಂಡು ಬಂದಿದ್ದನ್ನು ಹಿಡಿದು ಅವನು ಸೈಕಾಲಜಿ ಲ್ಯಾಬಿನಲ್ಲಿ ಕೂತು ಬಹಳ ಹೊತ್ತಾಗಿತ್ತು, ಪೆನ್ನಿನ ಮುಚ್ಚಳ ಇನ್ನೂ ತೆಗೆದಿರಲಿಲ್ಲ. ಗೆರೆ ಹಾಕಿದ ಹಾಳೆ. ಗುಂಡಗಿನ ಕನ್ನಡ ಅಕ್ಷರ. ಒಂದು ಕಾಟು ಇಲ್ಲ, ತಿದ್ದಿದ್ದಿಲ್ಲ. ಅಂದರೆ ಇದು ಮೊದಲ ಸಲ ಬರೆದದ್ದಲ್ಲ, ಯೋಚಿಸಿ, ಬರೆದು, ಮತ್ತೆ ಚೊಕ್ಕಟವಾಗಿ ಇಳಿಸಿದ್ದು. ಅದೇ ಅವನಿಗೆ ಹೆಚ್ಚು ಸಿಟ್ಟು ತಂದಿತ್ತು.

'ಈ ವಿದ್ಯಾರ್ಥಿನಿ ನನಗೆ ಗೊತ್ತಿಲ್ಲ' ಎಂದು ಪತ್ರ ಶುರುವಾಗುತ್ತಿತ್ತು. 'ಮೂರು ವರ್ಷದಿಂದ ನನ್ನ ಕ್ಲಾಸಿನಲ್ಲಿ ಕಿಟಕಿ ಕಡೆಯ ಬೆಂಚಿನಲ್ಲಿ ಕೂರುತ್ತಾಳೆ. ಹಾಜರಿ ಹಾಕುವಾಗ ನಾನು ನಂಬರು ಕೂಗುತ್ತೇನೆ, ಹೆಸರು ಕೂಗುವುದಿಲ್ಲ. ಬೇರೆ ವೇಳೆ ಇವಳನ್ನು ಅರಸೀಕೆರೆ ಎಂದು ಕರೆಯುತ್ತೇನೆ, ಏಕೆಂದರೆ ಇಲ್ಲೇ ಹತ್ತಿರದ ಅರಸೀಕೆರೆಯ ಬಸ್ಸಿನಲ್ಲಿ ಬರುತ್ತಾಳೆ, ತಡವಾಗಿ ಬರುತ್ತಾಳೆ. ಇವಳ ಹೆಸರು ಮಾಳಮ್ಮ.'

ಮೊದಲು ಇದನ್ನು ಓದಿದಾಗ ಅವನಿಗೆ ಅನಿಸಿದ್ದು ಕೊಬ್ಬು ಎಂದು. ಆಮೇಲೆ ಆ ಹುಡುಗಿಗೆ ಕೊಬ್ಬು ತೋರಿಸುವಷ್ಟು ಬುದ್ಧಿ ಎಲ್ಲಿಂದ ಬರಬೇಕು ಎಂದುಕೊಂಡು ಸಮಾಧಾನ ಮಾಡಿಕೊಂಡ. ಸರ್ ಪತ್ರ ಅಂದರೆ ಸರ್‌ಗೆ ಗೊತ್ತಿರುವುದನ್ನು ಬರೆಯಬೇಕು ಎಂದು ತಿಳಿದುಕೊಂಡಿದ್ದಾಳೆ, ಅಷ್ಟೆ. ಹೇಳಿದ್ದನ್ನು ಹೇಳಿದ ಹಾಗೆ ಮಾಡುವ ಜಾತಿ. ನೀರು ತಾ ಅಂದರೆ ಲೋಟ ಕೇಳದೆ ಬೊಗಸೆಯಲ್ಲಿ ತಂದು ನಿಲ್ಲುವವರು. ಹೊರಗೆ ಬಿಸಿಲು ಧಗಧಗ ಅನ್ನುತ್ತಿತ್ತು, ಲ್ಯಾಬಿನ ಫ್ಯಾನು ಕರೆಂಟಿಲ್ಲದೆ ನಿಂತಿತ್ತು. ಲ್ಯಾಬ್ ಎನ್ನುವುದೂ ಒಂದು ಮರ್ಯಾದೆಯ ಹೆಸರು: ಕನ್ನಡಿಯಲ್ಲಿ ನೋಡಿಕೊಂಡು ನಕ್ಷತ್ರ ಬಿಡಿಸುವ ಒಂದು ಮರದ ಪೆಟ್ಟಿಗೆ, ಮುಳ್ಳು ನಿಂತ ಎರಡು ಸ್ಟಾಪ್ ವಾಚು, ಇಲಿಯನ್ನೇ ಕಾಣದ ಇಲಿಯ ದಾರಿಯ ಪೆಟ್ಟಿಗೆ. ಇವುಗಳ ಪಾಲಕನಾಗಿ ಶಿವಯೋಗಿ ಹನ್ನೊಂದು ವರ್ಷದಿಂದ ಇಲ್ಲಿ ಅತಿಥಿ ಉಪನ್ಯಾಸಕ. ಅಷ್ಟು ವರ್ಷ ಒಂದೇ ಮನೆಯಲ್ಲಿ ತಳವೂರಿದ ಅತಿಥಿಯನ್ನು ಮನೆಯವರು ಯಾವ ಮುಖದಿಂದ ನೋಡುತ್ತಾರೋ ಪ್ರಿನ್ಸಿಪಾಲರು ಪ್ರತಿ ಜೂನ್ ತಿಂಗಳಲ್ಲಿ ಅವನನ್ನು ಅದೇ ಮುಖದಿಂದ ನೋಡುತ್ತಿದ್ದರು.

ಪತ್ರ ಬೇಕಾಗಿದ್ದದ್ದು ಮೈಸೂರಿನ ಒಂದು ಸಂಸ್ಥೆಗೆ. ಪದವಿ ಓದುವ ಹುಡುಗರಿಗೆ ಬೇಸಿಗೆಯಲ್ಲಿ ಮನಶ್ಶಾಸ್ತ್ರದ ಸಂಶೋಧನೆ ಕಲಿಸುತ್ತಾರಂತೆ, ಇಟ್ಟುಕೊಂಡು ಊಟ ಹಾಕಿ. ಈ ಕಾಲೇಜಿನಿಂದ ಇಂಥದ್ದಕ್ಕೆ ಅರ್ಜಿ ಹಾಕಿದವರು ಈವರೆಗೆ ಯಾರೂ ಇಲ್ಲ. ಇವಳು ಮೊಬೈಲಿನಲ್ಲಿ ಅದೆಲ್ಲೋ ನೋಡಿ, ತಾನೇ ಅರ್ಜಿ ತುಂಬಿ, ಶಿಫಾರಸಿನ ಜಾಗದಲ್ಲಿ ಇವನ ಇಮೇಲು ಕೊಟ್ಟಿದ್ದಳು. ಸಂಸ್ಥೆಯಿಂದ ಇವನಿಗೇ ಒಂದು ಲಿಂಕ್ ಬಂದಿತ್ತು. ಇವತ್ತು ಸಂಜೆ ಐದಕ್ಕೆ ಮುಚ್ಚುತ್ತದೆ ಎಂದಿತ್ತು. ಅದರ ಜೊತೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಒಂದು ಬುದ್ಧಿಮಾತು: ದಯವಿಟ್ಟು ಸಾಮಾನ್ಯ ಹೊಗಳಿಕೆ ಬೇಡ, ಈ ವಿದ್ಯಾರ್ಥಿ ಮಾಡಿದ್ದರಲ್ಲಿ ನೀವು ಕಣ್ಣಾರೆ ಕಂಡ ಒಂದು ಸಂಗತಿಯನ್ನು ಬರೆಯಿರಿ, ಯಾವ ಭಾಷೆಯಲ್ಲಾದರೂ ಸರಿ. ಕಣ್ಣಾರೆ ಕಂಡ ಸಂಗತಿಯಂತೆ. ನೂರ ಮೂವತ್ತು ಜನರನ್ನು ತುಂಬಿಕೊಂಡ ಕ್ಲಾಸಿನಲ್ಲಿ ಕಣ್ಣಾರೆ ಕಾಣುವುದು ಗೋಡೆಯ ಗಡಿಯಾರ ಒಂದನ್ನೇ ಎಂದು ಬರೆದರೆ ಆದೀತೇ? ಹವಾನಿಯಂತ್ರಿತ ಕೋಣೆಯಲ್ಲಿ ಕೂತು ಇಂಥ ವಾಕ್ಯ ಹೊಸೆಯುವವರ ಮೇಲೆ ಅವನಿಗೆ ಮೊದಲೇ ತಿರಸ್ಕಾರವಿತ್ತು. ಇಮೇಲಿನ ಕೆಳಗೆ ಸಂಯೋಜಕರ ಹೆಸರು ಓದಿದಾಗ ಆ ತಿರಸ್ಕಾರಕ್ಕೆ ಒಂದು ಮುಖ ಬಂತು. ಡಾ. ಜಂಬುನಾಥ.

ಜಂಬ್ಯಾ. ಎಂ.ಎ. ಹಾಸ್ಟೆಲ್ಲಿನಲ್ಲಿ ಒಂದೇ ರೂಮಿನ ಜಂಬ್ಯಾ, ಓದಿದ್ದನ್ನೇ ಓದಿ, ಕೇಳಿದ್ದನ್ನೇ ಕೇಳಿ, ಎಲ್ಲರ ಜೀವ ತಿನ್ನುತ್ತಿದ್ದವನು. 'ಲೇ ಶಿವಯೋಗಿ, ಇದು ನನಗ ತಿಳೀಲಿಲ್ಲಲೇ' ಎಂದು ದೀಪ ಆರಿಸಿದ ಮೇಲೂ ಕೇಳುತ್ತಿದ್ದವನು. ಎಂ.ಎ. ಮುಗಿದ ವರ್ಷ ಇಬ್ಬರೂ ಒಂದೇ ಸಂಶೋಧನಾ ಸೀಟಿಗೆ ಅರ್ಜಿ ಹಾಕಿದ್ದರು. ಪ್ರೊಫೆಸರರು ಪೇಪರಿನಿಂದ ತಲೆಯೆತ್ತದೆ, ಬರಕೊಂಡು ಬರ್ರೆಪ್ಪಾ, ಸಹಿ ಹಾಕ್ತೀನಿ ಎಂದಿದ್ದರು. ಜಂಬುನಾಥನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಇಬ್ಬರದನ್ನೂ ಶಿವಯೋಗಿಯೇ ಬರೆದ. ತನ್ನದನ್ನು ಒಂದು ವಾರ ಕೂತು, ನಿಘಂಟು ಮಗುಚಿ, ಪ್ರತಿ ವಿಶೇಷಣವನ್ನೂ ನಾಲಿಗೆಯ ಮೇಲೆ ಇಟ್ಟು ನೋಡಿ ಬರೆದ. ಸಂಶೋಧನೆಗೆಂದೇ ಹುಟ್ಟಿದವನು, ಇಂಥ ಅಪರೂಪದ ಮೇಧಾವಿಯನ್ನು ನನ್ನ ಮೂವತ್ತು ವರ್ಷದ ಬೋಧನೆಯಲ್ಲಿ ಕಂಡಿಲ್ಲ. ಜಂಬುನಾಥನದನ್ನು ಮೆಸ್ಸಿನ ಗಂಟೆ ಹೊಡೆಯುವ ಮೊದಲು, ಹಸಿವಿನಲ್ಲಿ, ತಮಾಷೆಗೆ ಬರೆದು ಬಿಸಾಕಿದ: ಇವನು ನಿಧಾನ. ತಿಳಿಯದಿದ್ದರೆ ತಿಳಿಯಲಿಲ್ಲ ಎನ್ನುತ್ತಾನೆ. ಒಂದು ಪ್ರಯೋಗದಲ್ಲಿ ಎಲ್ಲರ ಉತ್ತರ ಒಂದೇ ಬಂದು ಇವನದು ಬೇರೆ ಬಂತು, ನಾವೆಲ್ಲ ನಕ್ಕೆವು, ಇವನು ತಿದ್ದಿಕೊಳ್ಳಲಿಲ್ಲ. ಅದು ಗೇಲಿ ಎನ್ನುವುದು ಜಂಬುನಾಥನಿಗೆ ಗೊತ್ತಾಗಲಿಲ್ಲ, ಕೈ ಮುಗಿದು ತೆಗೆದುಕೊಂಡ. ಪ್ರೊಫೆಸರರು ಎರಡಕ್ಕೂ ಓದದೆ ಸಹಿ ಹಾಕಿದರು. ಸೀಟು ಜಂಬುನಾಥನಿಗೆ ಸಿಕ್ಕಿತು. ಅವರಿಗೆ ಮೇಧಾವಿ ಬೇಕಿರಲಿಲ್ಲ, ಎತ್ತು ಬೇಕಿತ್ತು ಎಂದು ಶಿವಯೋಗಿ ಎಲ್ಲರಿಗೂ ಹೇಳಿಕೊಂಡು ತಿರುಗಿದ, ಈಗಲೂ ಅದನ್ನೇ ನಂಬಿದ್ದ. ನಂಬಿದ್ದನೋ ಇಲ್ಲವೋ, ಬೇರೆ ನಂಬುವುದಕ್ಕೆ ಅವನ ಹತ್ತಿರ ಏನೂ ಇರಲಿಲ್ಲ.

ವಿಚಿತ್ರವೆಂದರೆ ಆ ಪತ್ರ ಅವನನ್ನು ಬಿಟ್ಟು ಹೋಗಲಿಲ್ಲ. ಕೂಡ್ಲಿಗಿಗೆ ಹೆಣ್ಣು ನೋಡಲು ಹೋದಾಗ ರೇಣುಕಾಳ ಅಪ್ಪ, ಹುಡುಗ ಏನು ಮಾಡಿಕೊಂಡಾನ ಎಂದು ಕೇಳಿದ್ದಕ್ಕೆ, ಸಂಶೋಧನೆಗೆಂದೇ ಹುಟ್ಟಿದವನು ಅಂತ ನಮ್ಮ ಪ್ರೊಫೆಸರೇ ಬರೆದು ಕೊಟ್ಟಿದ್ದಾರೆ ಎಂದು ಹೇಳಿದ್ದ. ಹೇಳುವಾಗ ಸುಳ್ಳು ಹೇಳುತ್ತಿದ್ದೇನೆ ಎಂದು ಅನಿಸಿರಲೇ ಇಲ್ಲ. ಸಹಿ ಅವರದೇ ಅಲ್ಲವೇ. ಮದುವೆಯ ಹೊಸದರಲ್ಲಿ ರೇಣುಕಾ ಆ ಮಾತನ್ನು ಬಂಧುಬಳಗದ ಮುಂದೆ ಹೆಮ್ಮೆಯಿಂದ ಆಡುತ್ತಿದ್ದಳು. ಈಗ ಅವನು ಸಂತೆಯಿಂದ ಬಾಡಿದ ಕೊತ್ತಂಬರಿ ಸೊಪ್ಪು ತಂದಾಗ ಆಡುತ್ತಾಳೆ. 'ಸಂಶೋಧನಿಗಂತ ಹುಟ್ಟಿದವ್ರು, ಸೊಪ್ಪು ಒಂದು ನೋಡಿ ತರಾಕ ಬರಂಗಿಲ್ಲ.' ಅದಕ್ಕೆ ಅವನು ನಗುತ್ತಾನೆ. ನಗದೆ ಏನು ಮಾಡಬೇಕು, ತನ್ನ ಬಗ್ಗೆ ಈ ಲೋಕದಲ್ಲಿ ಯಾರಾದರೂ ಒಳ್ಳೆಯದು ಬರೆದಿದ್ದರೆ ಅದು ತಾನೇ ಎಂದು ಹೆಂಡತಿಗೆ ಹೇಳಲಾದೀತೇ.

ಅವನು ಮತ್ತೆ ಹಾಳೆಗೆ ಬಂದ. 'ಒಂದು ದಿನ ನಾನು ಬೋರ್ಡಿನ ಮೇಲೆ ಮೂರು ಗೆರೆ ಎಳೆದು ಯಾವುದು ಉದ್ದ ಎಂದು ಕೇಳಿದೆ. ಮೊದಲ ಗೆರೆ ಉದ್ದವಿತ್ತು. ಇವಳು ಬರುವ ಮೊದಲೇ ನಾನು ಕ್ಲಾಸಿಗೆಲ್ಲ ಎರಡನೆಯದು ಎಂದು ಹೇಳಲು ಹೇಳಿಕೊಟ್ಟಿದ್ದೆ. ಎಲ್ಲರೂ ಎರಡನೆಯದು ಎಂದರು. ಇವಳೂ ಎರಡನೆಯದು ಎಂದಳು. ನಾನು ನಕ್ಕು, ನೋಡ್ರಿ, ಇದಕ್ಕೇ ಕುರಿ ಮಂದಿ ಅನ್ನೋದು ಎಂದೆ. ಎಲ್ಲರೂ ನಕ್ಕರು. ಇವಳ ಮನೆಯವರು ಕುರಿ ಕಾಯುತ್ತಾರೆ ಎಂದು ನನಗೆ ಗೊತ್ತಿತ್ತೋ ಇಲ್ಲವೋ. ಇವಳು ಯಾಕೆ ಎರಡನೆಯದು ಎಂದಳು ಎಂದು ನಾನು ಕೇಳಲಿಲ್ಲ. ಆದ್ದರಿಂದ ನನಗೆ ಗೊತ್ತಿಲ್ಲ.'

ಗೊತ್ತಿತ್ತು. ಗೊತ್ತಿದ್ದೇ ಹೇಳಿದ್ದ. ಮಾತು ಆಡಿದ ಕೂಡಲೇ ಕ್ಲಾಸು ಗೊಳ್ಳೆಂದಿತು. ವರ್ಷದಲ್ಲಿ ಒಂದೋ ಎರಡೋ ಸಲ ಕ್ಲಾಸು ಹಾಗೆ ತನ್ನ ಕೈಗೆ ಸಿಕ್ಕಾಗ ಶಿವಯೋಗಿಗೆ ಮೈಯೆಲ್ಲ ಹಗುರಾಗುತ್ತಿತ್ತು, ಆ ದಿನವೂ ಆಗಿತ್ತು. ಆ ಹುಡುಗಿ ನಗಲಿಲ್ಲ, ಅಳಲಿಲ್ಲ, ತಲೆಯನ್ನೂ ತಗ್ಗಿಸಲಿಲ್ಲ. ಬೋರ್ಡಿನ ಮೇಲಿನ ಮೊದಲ ಗೆರೆಯನ್ನೇ ನೋಡುತ್ತ ನಿಂತಿದ್ದಳು, ಅವನು ಕೂತ್ಕೋ ಅನ್ನುವ ತನಕ. ಈಗ ಮುಖ ನೆನಪು ಮಾಡಿಕೊಳ್ಳಲು ಹೋದರೆ ಗೆರೆ ನೆನಪಾಗುತ್ತಿತ್ತು, ಸೀಮೆಸುಣ್ಣದ ಬಿಳಿ ನೆನಪಾಗುತ್ತಿತ್ತು, ತನ್ನ ನಗು ಕೇಳುತ್ತಿತ್ತು, ಮುಖ ಮಾತ್ರ ಬರುತ್ತಿರಲಿಲ್ಲ.

'ಮುಂದಿನ ವಾರ ಇವಳು ಒಂದು ಹಾಳೆ ತಂದು ಕೊಟ್ಟಳು. ಬೆಳಿಗ್ಗೆ ಹಟ್ಟಿಯ ಬಾಗಿಲು ತೆಗೆದಾಗ ಯಾವ ಕುರಿ ಮೊದಲು ಹೊರಗೆ ಬರುತ್ತದೆ, ಯಾವುದು ಅದರ ಹಿಂದೆ ಹೋಗುವುದಿಲ್ಲ ಎಂದು ದಿನಾ ನೋಡಿ ಬರೆದಿದ್ದಳಂತೆ. ಇದು ಪರೀಕ್ಷೆಗೆ ಬರುವುದಿಲ್ಲ ಎಂದು ನಾನು ಹೇಳಿದೆ. ಹಾಳೆಯನ್ನು ಇಟ್ಟುಕೊಂಡೆ. ಓದಿದೆನೋ ಇಲ್ಲವೋ ಇವಳಿಗೆ ತಿಳಿಯದು. ಇಷ್ಟೇ ನನಗೆ ಗೊತ್ತಿರುವುದು. ಇವಳನ್ನು ತೆಗೆದುಕೊಳ್ಳಬೇಕೋ ಬೇಡವೋ ನೀವೇ ನೋಡಿರಿ. ಇವಳಿಗೆ ಹೋಗಬೇಕೆಂದು ಇದೆ.'

ಅವನು ಕುರ್ಚಿಯಲ್ಲಿ ಬಗ್ಗಿ ನೋಡಿದ. ಕುರಿ ಲೆಕ್ಕದ ಆ ಹಾಳೆ ಅಲ್ಲೇ ಇತ್ತು, ಎಂಟು ಮಡಿಕೆಯಾಗಿ, ಲ್ಯಾಬಿನ ಮೇಜಿನ ಎಡಗಾಲಿನ ಕೆಳಗೆ. ಆ ದಿನ ಮೇಜು ಅಲ್ಲಾಡುತ್ತಿತ್ತು, ಕೈಗೆ ಅದು ಸಿಕ್ಕಿತ್ತು. ಅಂದಿನಿಂದ ಮೇಜು ಅಲ್ಲಾಡಿಲ್ಲ. ಈ ಕಾಲೇಜಿನಲ್ಲಿ ನಡೆದ ಸಂಶೋಧನೆಯೊಂದು ಯಾರಿಗಾದರೂ ಉಪಯೋಗಕ್ಕೆ ಬಂದಿದ್ದರೆ ಅದು ಇದೊಂದೇ ಎಂದು ಅವನಿಗೆ ಅನಿಸಿತು, ಇದನ್ನು ಸ್ಟಾಫ್ ರೂಮಿನಲ್ಲಿ ಹೇಳಬೇಕು ಎಂದೂ ಅನಿಸಿತು. ಬೂಟಿನ ತುದಿಯಿಂದ ಹಾಳೆಯನ್ನು ಮುಟ್ಟಿದ. ಎಳೆದರೆ ಮೇಜು ವಾಲಿ ಕನ್ನಡಿಯ ಪೆಟ್ಟಿಗೆ ಬಿದ್ದೀತು ಎಂದುಕೊಂಡು ಬಿಟ್ಟ. ಪತ್ರವನ್ನು ಇದ್ದ ಹಾಗೆ ಕಳಿಸುವುದೆಂದರೆ ಏನು? ಜಂಬ್ಯಾ ಮೈಸೂರಿನಲ್ಲಿ ಕೂತು ಇದನ್ನು ಓದುತ್ತಾನೆ. ಶಿವಯೋಗಿ ಅಂದರೆ ಮಕ್ಕಳ ಹೆಸರು ತಿಳಿಯದ ಮೇಷ್ಟ್ರು, ಕ್ಲಾಸಿನಲ್ಲಿ ಕುರಿ ಎಂದು ಗೇಲಿ ಮಾಡುವವನು, ಕೊಟ್ಟ ಹಾಳೆ ಓದದವನು. ಅಡಿಯಲ್ಲಿ ಶಿವಯೋಗಿಯದೇ ಸಹಿ. ನಾಲ್ಕು ಜನರನ್ನು ಕರೆದು ಓದಿ ತೋರಿಸುತ್ತಾನೆ. ಇಲ್ಲ, ಜಂಬ್ಯಾ ಹಾಗೆ ಮಾಡುವವನಲ್ಲ, ಒಬ್ಬನೇ ಓದಿ ಪಾಪ ಅಂದುಕೊಳ್ಳುತ್ತಾನೆ. ಅದು ಇನ್ನೂ ಕೆಟ್ಟದ್ದು.

ಕಾಲೇಜಿನ ಇಂಟರ್ನೆಟ್ಟು ಎಂದಿನಂತೆ ಸತ್ತಿತ್ತು. ಪತ್ರದ ಹಾಳೆಯನ್ನು ಜೇಬಿಗೆ ಸೇರಿಸಿ ಬಸ್ ಸ್ಟ್ಯಾಂಡಿನ ಕಡೆಗೆ ಹೊರಟ. ಗೇಟಿನ ಬೇವಿನ ಮರದ ಕೆಳಗೆ ನಿಂತಿದ್ದ ಹುಡುಗಿ ಏನೂ ಕೇಳದೆ ಹಿಂದೆ ಬಂದಳು, ಜೊತೆಗೂ ಅಲ್ಲ ದೂರಕ್ಕೂ ಅಲ್ಲ, ಅವನ ನೆರಳನ್ನು ತುಳಿಯದಷ್ಟು ಹಿಂದೆ. ಅದೂ ಅವನಿಗೆ ಕಿರಿಕಿರಿ. ಯಾರಾದರೂ ನೋಡಿದರೆ ಮೇಷ್ಟ್ರು ಕುರಿ ಹೊಡೆದುಕೊಂಡು ಹೊರಟಿದ್ದಾರೆ ಅಂದಾರು ಎಂದುಕೊಂಡ, ಎಂದುಕೊಂಡದ್ದಕ್ಕೆ ತನ್ನ ಮೇಲೇ ಸಿಟ್ಟಾಗಿ ಬಿರಬಿರನೆ ನಡೆದ.

ಹುಲುಗೇಶನ ಜೆರಾಕ್ಸ್ ಅಂಗಡಿಯಲ್ಲಿ ಜಾತಿ ಸರ್ಟಿಫಿಕೇಟಿಗೆ, ಆಧಾರ್ ತಿದ್ದುಪಡಿಗೆ ಜನ ಮುಗಿಬಿದ್ದಿದ್ದರು. ಹುಲುಗೇಶ ಇವನನ್ನು ಕಂಡವನೇ ಒಂದು ಕಂಪ್ಯೂಟರಿನ ಮುಂದಿನಿಂದ ಒಬ್ಬ ಮುದುಕನನ್ನು ಎಬ್ಬಿಸಿದ. 'ಬರ್ರಿ ಸರ್, ಲೆಟರ್ರಾ? ನಿಮ್ದು ಹಳೇ ಫೈಲ್ ಐತ್ರಿ. ಶಿವಯೋಗಿ ಸರ್ ಒಳ್ಳೆ ಹುಡುಗ ಅಂತ ಒಂದು, ಶಿವಯೋಗಿ ಸರ್ ಒಳ್ಳೆ ಹುಡುಗಿ ಅಂತ ಒಂದು, ಎರಡೂ ಸೇವ್ ಮಾಡಿಟ್ಟೀನಿ. ಹೆಸರು ಹೇಳ್ರಿ, ಬದ್ಲಿ ಮಾಡಿ ತೆಗೀತೀನಿ.'

'ಬೇಡ, ನಾನೇ ಬರೀತೀನಿ.'

'ನೀವಾ?' ಎಂದು ಹುಲುಗೇಶ ಆಶ್ಚರ್ಯಪಟ್ಟ. ಅವನ ಆಶ್ಚರ್ಯದಲ್ಲಿ ವ್ಯಂಗ್ಯವಿರಲಿಲ್ಲ. ಶಿವಯೋಗಿಗೆ ಇಂದು ಯಾರ ಮಾತಿನಲ್ಲೂ ವ್ಯಂಗ್ಯ ಸಿಗುತ್ತಿರಲಿಲ್ಲ, ಅದನ್ನೆಲ್ಲ ಅವನೊಬ್ಬನೇ ಹೊತ್ತುಕೊಂಡು ತಿರುಗುತ್ತಿದ್ದ.

ಲಿಂಕ್ ತೆರೆದ. ಅಭ್ಯರ್ಥಿಯ ಹೆಸರು ಮೊದಲೇ ತುಂಬಿತ್ತು. ಈ ಅಭ್ಯರ್ಥಿಯನ್ನು ಎಷ್ಟು ವರ್ಷದಿಂದ ಬಲ್ಲಿರಿ? ಮೂರು ಎಂದು ಒತ್ತಿದ. ಯಾವ ಸಂಬಂಧದಲ್ಲಿ? ಅಧ್ಯಾಪಕ. ಆಮೇಲೆ ದೊಡ್ಡದೊಂದು ಖಾಲಿ ಚೌಕ. ಜೇಬಿನ ಹಾಳೆಯನ್ನು ತೆಗೆದು ಕೀಬೋರ್ಡಿನ ಪಕ್ಕ ಇಟ್ಟುಕೊಂಡ, ಅನುವಾದ ಮಾಡುವವನ ಹಾಗೆ. ಮೊದಲ ವಾಕ್ಯವನ್ನು ಇಂಗ್ಲಿಷಿಗೆ ತಿರುಗಿಸಿ ನೋಡಿದ. ನಾನು ಎಂದು ಟೈಪು ಮಾಡಿದ ಕೂಡಲೇ ಆ ನಾನು ಹುಡುಗಿಯದಾಗದೆ ತನ್ನದಾಗಿ ಕೂತಿತು. ಹಾಳೆಯನ್ನು ಬೋರಲು ಹಾಕಿದ. ಮತ್ತೆ ನಾನು ಎಂದು ಬರೆದ, ಈ ಸಲ ಬೆರಳು ತಾನೇ ಓಡಿತು. ಹನ್ನೊಂದು ವರ್ಷ ಕ್ಲಾಸಿನಲ್ಲಿ ಯಾರಿಗೂ ಬೇಡವಾಗಿದ್ದ ಇಂಗ್ಲಿಷು ಒಳಗೇ ಕೂತು ಹಸಿದಿತ್ತೋ ಏನೋ, ಧುಮುಕಿ ಬಂತು. ಅಪರೂಪದ ವಿಶ್ಲೇಷಣಾ ಶಕ್ತಿ. ಅದಮ್ಯ ಜ್ಞಾನದಾಹ. ಗ್ರಾಮೀಣ ಬದುಕಿನ ಬಂಡೆಯನ್ನು ಸೀಳಿ ಬಂದ ಚಿಲುಮೆ. ಈ ಕೊನೆಯದನ್ನು ಬರೆದು ಒಂದು ಗಳಿಗೆ ತಾನೇ ಮೆಚ್ಚಿಕೊಂಡು ಕೂತ. ಜಂಬ್ಯಾ ಇದನ್ನು ಓದಬೇಕು. ಓದಿ, ಇಂಥ ಇಂಗ್ಲಿಷು ಬರೆಯುವವನು ಕೊಟ್ಟೂರಿನಲ್ಲಿ ಕೊಳೆಯುತ್ತಿದ್ದಾನಲ್ಲ ಎಂದು ಅವನಿಗೆ ನಾಚಿಕೆಯಾಗಬೇಕು. ಸಂಶೋಧನೆಗೆಂದೇ ಹುಟ್ಟಿದವಳು ಎಂದು ಬರೆಯುವಾಗ ಬೆರಳು ಒಂದು ಕ್ಷಣ ತಡೆಯಿತು, ಎಲ್ಲೋ ಓದಿದ ಹಾಗಿದೆಯಲ್ಲ ಎಂದು. ಎಲ್ಲಿ ಎಂದು ಗೊತ್ತಾದ ಮೇಲೂ ಅಳಿಸಲಿಲ್ಲ. ಒಳ್ಳೆಯ ವಾಕ್ಯ, ಒಂದು ಸಲ ವ್ಯರ್ಥವಾಗಿತ್ತು, ಇನ್ನೊಂದು ಸಲ ನೋಡೋಣ. ಇಂಥ ಪತ್ರ ಒಮ್ಮೆ ಏನು ಮಾಡಿತ್ತು ಎಂದು ಈ ಭೂಮಿಯ ಮೇಲೆ ಅವನಷ್ಟು ಚೆನ್ನಾಗಿ ತಿಳಿದವರು ಇನ್ನೊಬ್ಬರಿರಲಿಲ್ಲ. ತಿಳಿದೇ ಕಳಿಸು ಎಂಬುದನ್ನು ಒತ್ತಿದ.

ಹಿಂದೆ ನಿಂತು ಇಣುಕುತ್ತಿದ್ದ ಹುಲುಗೇಶ ನಾಲಿಗೆ ಲೊಚಗುಟ್ಟಿದ. 'ಇಂಗ್ಲಿಷ್ ಅಂದ್ರ ಇದು ನೋಡ್ರಿ ಸರ್. ಯಾರ್ರೀ, ಇಷ್ಟು ಶಾಣೇ ಹುಡುಗಿ ನಮ್ಮೂರಾಗ?'

ಶಿವಯೋಗಿ ಬಾಗಿಲ ಕಡೆ ಗದ್ದ ಎತ್ತಿದ. ಹುಡುಗಿ ಹೊರಗೆ ಬಿಸಿಲಿಗೆ ದುಪಟ್ಟಾ ತಲೆಯ ಮೇಲೆ ಎಳೆದುಕೊಂಡು ನಿಂತಿದ್ದಳು.

'ಆಕೀನಾ?' ಎಂದ ಹುಲುಗೇಶ.

ಹೊರಗೆ ಬಂದಾಗ ಅವಳು ಎರಡು ಹೆಜ್ಜೆ ಮುಂದೆ ಬಂದಳು. ಬಸ್ ಸ್ಟ್ಯಾಂಡಿನಲ್ಲಿ ಅರಸೀಕೆರೆ ಬಸ್ಸು ಆಗಲೇ ಬಂದು ಗುರುಗುಡುತ್ತಿತ್ತು. ಪತ್ರ ಹೋತು, ಹೋಗು ಇನ್ನ ಎಂದು ಶಿವಯೋಗಿ ಹೇಳಿದ. ಅಷ್ಟಕ್ಕೆ ಮುಗಿಯಬೇಕಿತ್ತು.

'ಸರ್, ನಾ ಬರೆದಿದ್ದೇ ಕಳಿಸಿದ್ರಾ?'

ಅವನಿಗೆ ಇಲ್ಲ ಎನ್ನಬಹುದಿತ್ತು. ಇಂಗ್ಲಿಷಿನಲ್ಲಿ ಸ್ವಲ್ಪ ಬದಲಿಸಿದೆ ಎನ್ನಬಹುದಿತ್ತು. ಮಾತು ಹುಡುಕುವುದಕ್ಕಿಂತ ಹೂಂ ಅನ್ನುವುದು ಸಲೀಸು ಎಂಬ ಸೋಮಾರಿತನದಲ್ಲಿ ಹೂಂ ಅಂದ.

ಅವಳು ಮುಖ ಎತ್ತಿ ನೋಡಿದಳು. 'ಹಂಗಾರೆ ಓದಿದ್ರಾ ಸರ್?'

'ಓದದೆ ಕಳಿಸ್ತಾರೇನು?'

'ಅಲ್ಲ ಸರ್, ಓದಲ್ಲ ಅಂದ್ಕಂಡಿದ್ದೆ. ಸಹಿ ಹಾಕಿ ಕೊಡ್ತೀರ ಅಂದ್ಕಂಡಿದ್ದೆ. ನಿಮಗೆ ಬೇಜಾರಾಗಲಿಲ್ಲೇನ್ರಿ? ನಮ್ಮವ್ವನ ಮುಂದೆ ಓದಿದ್ದೆ. ಅವ್ವ ಬೈದ್ಲು. ಇಂಥದ್ದು ಯಾವ ಮೇಷ್ಟ್ರು ಕಳಿಸ್ತಾರೆ, ಹರಿದು ಮುಖಕ್ಕೆ ಎಸೀತಾರೆ ನೋಡು ಅಂದ್ಲು. ನಾನಂದೆ, ಇಲ್ಲವ್ವ, ಇದ್ದದ್ದು ಇದ್ದಂಗೆ ನೋಡಬೇಕು ಅಂತ ಮೊದಲ್ನೇ ಕ್ಲಾಸಿನಾಗೆ ಹೇಳಿದ್ದೇ ಅವ್ರು, ಕಳಿಸ್ತಾರೆ ಅಂತ.'

ಮೊದಲನೇ ಕ್ಲಾಸಿನಲ್ಲಿ ತಾನು ಏನು ಹೇಳುತ್ತೇನೆ ಎಂದು ಶಿವಯೋಗಿಗೆ ನೆನಪಿರಲಿಲ್ಲ. ಪ್ರತಿ ವರ್ಷ ಅದೇ ನೋಟ್ಸು, ಅದೇ ಹಳದಿಯಾದ ಹಾಳೆ, ಮೊದಲ ಪುಟದಲ್ಲಿ ವೀಕ್ಷಣೆ ಎಂಬ ತಲೆಬರಹ. ಅದನ್ನು ಒಬ್ಬಳು ನಂಬಿದ್ದಾಳೆ ಎಂಬುದು ಅವನಿಗೆ ಅವಮಾನದ ಹಾಗೆ ಕಂಡಿತು. 'ಬೇಜಾರು ಯಾಕ? ಇದ್ದದ್ದು ಬರದೀಯಲ್ಲ' ಎಂದ. ತನ್ನ ದನಿ ತನಗೇ ದೊಡ್ಡ ಮನುಷ್ಯನ ದನಿಯ ಹಾಗೆ ಕೇಳಿಸಿತು.

'ಆಗ್ತೈತೇನ್ರಿ ಸರ್?'

'ನೋಡೋಣ.'

'ಆಗದಿದ್ರೆ ಕುರಿ ಹಿಂದೆ ಹೊಳೆ ಕಡಿಗೆ ಹೋಗ್ಬೇಕು, ಮಳೆಗಾಲದ ಮಟ ಬರಂಗಿಲ್ಲ. ಆಮೇಲೆ ಓದು ಅಂತ ಯಾರೂ ಕಳಿಸಂಗಿಲ್ಲ ಸರ್.' ದೂರಿನ ದನಿಯಲ್ಲ, ಬಸ್ಸಿನ ಟೈಮು ಹೇಳುವ ದನಿ. ಅವನು ಜೇಬಿನಿಂದ ಹಾಳೆ ತೆಗೆದು ಅವಳ ಕೈಯಲ್ಲಿಟ್ಟ, ಇದು ನಿನ್ನ ಹತ್ರ ಇರಲಿ ಎಂದು. ತನ್ನ ಮೈಮೇಲೆ ಅದು ಇರುವುದು ಅವನಿಗೆ ಬೇಡವಾಗಿತ್ತು. ಅವಳು ತಟ್ಟನೆ ಬಗ್ಗಿ ಅವನ ಕಾಲು ಮುಟ್ಟಿದಳು, ಧೂಳು ಹಿಡಿದ ಬೂಟು, ಮೇಜಿನ ಕೆಳಗೆ ಹಾಳೆಯನ್ನು ಮುಟ್ಟಿದ ಅದೇ ಬೂಟು. ಆಮೇಲೆ ಓಡಿಹೋಗಿ ಬಸ್ಸು ಹತ್ತಿದಳು. ಕಿಟಕಿಯ ಕಡೆಯೇ ಕೂತಳು. ಬಸ್ಸು ತಿರುಗಿ ಹೋಯಿತು.

ಅವನು ಎದುರಿನ ಮಂಡಕ್ಕಿ ಅಂಗಡಿಯ ಬೆಂಚಿನಲ್ಲಿ ಕೂತು ಮಿರ್ಚಿ ಹೇಳಿದ. ಒಬ್ಬ ಹುಡುಗಿಯ ಮುಂದೆ ಒಂದು ಹೊತ್ತು ಒಳ್ಳೆಯವನಾಗುವುದಕ್ಕೆ ಒಂದು ಹೂಂ ಸಾಕು, ಲೋಕದಲ್ಲಿ ಒಳ್ಳೆಯವರೆಲ್ಲ ಹೀಗೇ ಆಗಿರಬೇಕು ಎಂದುಕೊಂಡು ಮೊದಲ ಮಿರ್ಚಿ ಮುರಿಯುವಷ್ಟರಲ್ಲಿ ಮೊಬೈಲು ಗುಂಯ್ ಎಂದಿತು. ಗೊತ್ತಿಲ್ಲದ ನಂಬರಿನಿಂದ ಒಂದು ವಾಯ್ಸ್ ಮೆಸೇಜು. ಕಿವಿಗೆ ಹಿಡಿದ. ದನಿ ಮಾತ್ರ ಹಾಸ್ಟೆಲ್ಲಿನದೇ, ಡಾಕ್ಟರಾದರೂ ಬದಲಾಗಿರಲಿಲ್ಲ.

'ಲೇ ಶಿವಯೋಗಿ, ನಾನಲೇ, ಜಂಬ್ಯಾ. ನಂಬರು ಫಾರ್ಮಿನಾಗ ಸಿಕ್ತು. ಲೆಟರ್ ನಿಂದು ಅಂತ ಮೊದಲ್ನೇ ಸಾಲಿಗೇ ಗೊತ್ತಾತು ನೋಡು, ಇಂಗ್ಲಿಷ್ ಇನ್ನೂ ಹಂಗೇ ಐತಿ, ಭಾಳ ಚಲೋ ಐತಿ. ಆದ್ರ ಎಷ್ಟು ಸಲ ಓದಿದ್ರೂ ಆ ಹುಡುಗಿ ಎಲ್ಲೂ ಕಾಣವಲ್ಲಳು ಅದ್ರಾಗ. ಆಕಿ ಅರ್ಜಿ ನೋಡೀನಿ ನಾನು, ಕುರಿ ಬಗ್ಗೆ ಏನೋ ಬರದಾಳ, ನನಗ ಹಿಡಿಸೇತಿ. ಆದ್ರ ಕಮಿಟಿಯವ್ರು ಮೇಷ್ಟ್ರು ಏನಂತಾರ ಅಂತ ಕೇಳ್ತಾರ. ಒಂದು ಸಂಗತಿ ಬರಿ ಸಾಕು, ನೀ ಕಂಡದ್ದು. ಅವತ್ತು ನನಗ ಬರದು ಕೊಟ್ಟಿದ್ದೆಲ್ಲಲೇ, ಹಂಗ. ಆ ಲೆಟರಿನ ಜೆರಾಕ್ಸ್ ಇನ್ನೂ ಇಟ್ಕೊಂಡೀನಿ. ನಮ್ಮಪ್ಪನೂ ನನ್ನ ಅಷ್ಟು ಸರಿ ನೋಡಿದ್ದಿಲ್ಲ. ಎಂದೂ ಹೇಳಾಕ ಆಗಿರಲಿಲ್ಲ ನೋಡು ನಿನಗ. ಆರರ ತನಕ ನಿನ್ನ ಲಿಂಕ್ ತೆಗೆಸಿ ಇಟ್ಟಿರ್ತೀನಿ.'

ಶಿವಯೋಗಿ ಇನ್ನೊಮ್ಮೆ ಕೇಳಿದ, ಎಲ್ಲಾದರೂ ನಗು ಸಿಗುತ್ತದೇನೋ ಎಂದು. ಸಿಗಲಿಲ್ಲ. ಇಷ್ಟು ವರ್ಷದ ಮೇಲೂ ಮುಠ್ಠಾಳನಿಗೆ ಅದು ಗೇಲಿ ಎಂದು ಗೊತ್ತಾಗಿಲ್ಲ. ಗೇಲಿ ಮಾಡಲು ಹೊರಟವನು ಆ ಒಂದು ದಿನ, ಹಸಿವಿನಲ್ಲಿ, ಮೈಮರೆತು ಒಬ್ಬನನ್ನು ಇದ್ದ ಹಾಗೆ ನೋಡಿಬಿಟ್ಟಿದ್ದ. ತನ್ನ ಇಡೀ ಜನ್ಮದಲ್ಲಿ ಬರೆದ ಒಂದೇ ಒಳ್ಳೆಯ ಪತ್ರ ಅದು, ಅದೂ ಬೇರೆಯವನ ಹತ್ತಿರ ಇದೆ. ಜಂಬ್ಯಾ ನಕ್ಕಿದ್ದರೆ ತಿರುಗಿ ಬೈಯಬಹುದಿತ್ತು. ಕೃತಜ್ಞತೆಗೆ ಏನು ಉತ್ತರ ಕೊಡುವುದು. ಮಿರ್ಚಿ ಎಲೆಯ ಮೇಲೆ ತಣ್ಣಗಾಯಿತು. ಆರಕ್ಕೆ ಇನ್ನೂ ಸಮಯವಿತ್ತು, ಇಲ್ಲೇ ಕೂತು ಕಳೆದರೂ ಕಳೆಯುತ್ತಿತ್ತು. ಕಳೆದರೆ ಯಾರಿಗೂ ತಿಳಿಯುವುದಿಲ್ಲ. ಹುಡುಗಿ ತನ್ನ ಪತ್ರ ಹೋಗಿದೆ ಎಂದೇ ತಿಳಿದು ಕುರಿಯ ಹಿಂದೆ ಹೊಳೆ ಕಡೆಗೆ ಹೋಗುತ್ತಾಳೆ, ಸರ್ ಇದ್ದದ್ದು ಇದ್ದ ಹಾಗೆ ಕಳಿಸಿದರು, ಆದರೂ ಆಗಲಿಲ್ಲ ಎಂದು ಅವ್ವನಿಗೆ ಹೇಳುತ್ತಾಳೆ. ಇದ್ದದ್ದು ಇದ್ದ ಹಾಗೆ ಹೇಳಿದರೆ ಆಗುವುದಿಲ್ಲ ಎಂದು ಕಲಿಯುತ್ತಾಳೆ. ತನ್ನಿಂದ ಅವಳು ಕಲಿತದ್ದು ಅದೊಂದೇ ಆಗುತ್ತದೆ.

ಎದ್ದ. ಹುಲುಗೇಶನ ಅಂಗಡಿಗೆ ಹೋಗಿ, ಈ ಸಲ ಯಾರನ್ನೂ ಎಬ್ಬಿಸಗೊಡದೆ ತನ್ನ ಸರದಿಗೆ ಕಾದ. ಹಾಳೆ ಬಸ್ಸಿನಲ್ಲಿ ಹೋಗಿತ್ತು, ಅವಳ ಫೋನ್ ನಂಬರು ಅವನ ಹತ್ತಿರ ಇರಲಿಲ್ಲ, ಕೇಳಿರಲಿಲ್ಲ. ಆದರೆ ಕೂತು ಕೀಬೋರ್ಡಿಗೆ ಕೈ ಹಚ್ಚಿದಾಗ ಹಾಳೆ ಬೇಕಾಗಲಿಲ್ಲ. ಚುಚ್ಚಿದ ಮಾತು ಮರೆಯುವುದಿಲ್ಲ. ತನ್ನ ಇಂಗ್ಲಿಷಿನ ಚಿಲುಮೆಯನ್ನೆಲ್ಲ ಅಳಿಸಿ ಚೌಕವನ್ನು ಖಾಲಿ ಮಾಡಿ, ಈ ವಿದ್ಯಾರ್ಥಿನಿ ನನಗೆ ಗೊತ್ತಿಲ್ಲ ಎಂದು ಕನ್ನಡದಲ್ಲಿ ಶುರು ಮಾಡಿದ. ಬೆಂಚು ಬಂತು, ಬಸ್ಸು ಬಂತು, ಮೂರು ಗೆರೆ ಬಂದವು. ಇವಳ ಮನೆಯವರು ಕುರಿ ಕಾಯುತ್ತಾರೆ ಎಂದು ನನಗೆ ಗೊತ್ತಿತ್ತೋ ಇಲ್ಲವೋ ಎನ್ನುವ ಕಡೆ ನಿಂತು, ಗೊತ್ತಿತ್ತು ಎಂದು ಬರೆದ. ಓದಿದೆನೋ ಇಲ್ಲವೋ ಎನ್ನುವ ಕಡೆ, ಓದಲಿಲ್ಲ, ಆ ಹಾಳೆ ಲ್ಯಾಬಿನ ಮೇಜಿನ ಕಾಲಿನ ಕೆಳಗಿದೆ ಎಂದು ಬರೆದ. ಜಂಬ್ಯಾ ಏನಂದುಕೊಳ್ಳುತ್ತಾನೋ ಅಂದುಕೊಳ್ಳಲಿ. ಇದರಿಂದ ತಾನೇನೂ ದೊಡ್ಡವನಾಗುವುದಿಲ್ಲ, ಹುಡುಗಿ ಥ್ಯಾಂಕ್ಸ್ ಹೇಳುವುದೂ ಇಲ್ಲ. ಅವಳು ಹೇಳಬೇಕಾದದ್ದನ್ನು ಆಗಲೇ, ಸುಳ್ಳಿಗೆ, ಹೇಳಿ ಹೋಗಿದ್ದಾಳೆ. ಇವಳಿಗೆ ಹೋಗಬೇಕೆಂದು ಇದೆ ಎಂಬ ಕೊನೆಯ ಸಾಲನ್ನು ಇದ್ದ ಹಾಗೇ ಬರೆದ. ಒಂದು ಕಾಲಕ್ಕೆ ತನಗೂ ಹೋಗಬೇಕೆಂದು ಇತ್ತು. ಅಷ್ಟನ್ನು ಬರೆದುಕೊಳ್ಳುವುದು ಅವನಿಗೆ ಆಗ ಹೊಳೆದಿರಲಿಲ್ಲ.

'ಮತ್ಯಾಕ್ರಿ ಸರ್, ಏನರ ತಪ್ಪಾತಾ?' ಎಂದ ಹುಲುಗೇಶ, ಹಿಂದಿನಿಂದ.

'ಹೂಂ' ಎಂದ ಶಿವಯೋಗಿ. ಮೌಸಿನ ಬಾಣವನ್ನು ಮೇಲಕ್ಕೆ ಎಳೆದುಕೊಂಡು ಹೋದ. ಈ ಅಭ್ಯರ್ಥಿಯನ್ನು ಎಷ್ಟು ವರ್ಷದಿಂದ ಬಲ್ಲಿರಿ ಎಂಬ ಪ್ರಶ್ನೆಯ ಮುಂದೆ ಮೂರು ಹಾಗೇ ಕೂತಿತ್ತು. ಅದನ್ನು ಅಳಿಸಿ ಸೊನ್ನೆ ಒತ್ತಿದ.